ಹಾರುವುದು ಪ್ಯಾನೆಲ್, ಕೆಟ್ಟಿರುವುದು ಕೆಳಗಿನ ಪಟ್ಟಿ

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಹಿಡಿಯುವ ಮುಂಚೆ ಸಂಡೂರು, ಹೊಸಪೇಟೆ, ಚಿತ್ರದುರ್ಗದ ಕಡೆಯ ಕಬ್ಬಿಣದ ಅದಿರನ್ನು ಜರಡಿ ಹಿಡಿಯುವ ಸ್ಕ್ರೀನಿಂಗ್ ಪ್ಲಾಂಟ್‌ಗಳಲ್ಲಿ ಶಟ್‌ಡೌನ್ ಕೆಲಸ ಶುರುವಾಗುತ್ತದೆ. ಗಣಿ ಎಂದರೆ ಪತ್ರಿಕೆಗಳಲ್ಲಿ ಲಾರಿ, ಧೂಳು, ಪರ್ಮಿಟ್ಟು, ಹರಾಜು ಇಷ್ಟೇ ಕಾಣುತ್ತದೆ. ಪ್ಲಾಂಟಿನ ಹೊಟ್ಟೆಯಲ್ಲಿ ದಿನವಿಡೀ ಅಲುಗುತ್ತಿರುವ ಜರಡಿಯ ಬಗ್ಗೆ ಒಂದು ಸಾಲೂ ಬರುವುದಿಲ್ಲ. ಅದರ ಮೇಲೆ ಹಾಸಿರುವ ಪ್ಯಾನೆಲ್‌ಗಳನ್ನು ಕೂರಿಸುವ ಕೆಲಸದಲ್ಲಿ ನಡೆಯುತ್ತಿರುವ ತಪ್ಪನ್ನು ಹೇಳಲು ಈ ಪತ್ರ. ಓದುಗರಲ್ಲಿ ಪ್ಲಾಂಟ್ ಮ್ಯಾನೇಜರ್‌ಗಳೂ ಕಾಂಟ್ರಾಕ್ಟರ್‌ಗಳೂ ಫಿಟರ್‌ಗಳೂ ಇದ್ದಾರೆಂಬ ಭರವಸೆಯಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮನೆಯಲ್ಲಿ ರಾಗಿ ಹಿಟ್ಟು ಜರಡಿ ಹಿಡಿಯುವವರಿಗೆ ಗೊತ್ತು: ಬಲೆಯಲ್ಲಿ ಒಂದು ಕಡೆ ನಾಲ್ಕು ಎಳೆ ಹರಿದರೆ ಸಾಕು, ಕೆಳಗಿನ ಹಿಟ್ಟಿಗೆಲ್ಲ ತವುಡು ಸೇರುತ್ತದೆ. ಅದಿರಿನ ಜರಡಿಯ ಕತೆಯೂ ಅಷ್ಟೇ. ವ್ಯತ್ಯಾಸವೆಂದರೆ, ಇಲ್ಲಿ ಬಲೆಯ ಬದಲು ಒಂದಡಿ ಉದ್ದ ಒಂದಡಿ ಅಗಲದ, ಅಂದರೆ 305 ಮಿ.ಮೀ. ಚೌಕದ, ಕಣ್ಣುಗಳಿರುವ (ತೂತುಗಳಿರುವ), ಪಾಲಿಯುರೆಥೇನ್ ಎಂಬ ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್ಕಿನ ತುಂಡುಗಳನ್ನು ನೆಲಕ್ಕೆ ಟೈಲ್ಸ್ ಹಾಸಿದಂತೆ ಹಾಸಿರುತ್ತಾರೆ. ಎಲ್ಲರೂ ಪಿಯು ಪ್ಯಾನೆಲ್ ಎನ್ನುತ್ತಾರೆ. 8 ಅಡಿ ಅಗಲ, 20 ಅಡಿ ಉದ್ದದ ಒಂದು ಡೆಕ್ಕಿಗೆ, ಅಂದರೆ ಜರಡಿಯ ಒಂದು ಅಂತಸ್ತಿಗೆ, ಸುಮಾರು ಒಂದೂವರೆ ನೂರು ತುಂಡು ಬೇಕು. ಸವೆದದ್ದನ್ನಷ್ಟೇ ತೆಗೆದು ಹೊಸದನ್ನು ಕೂರಿಸಬಹುದು, ಇಡೀ ಡೆಕ್ ಬದಲಿಸಬೇಕಿಲ್ಲ ಎಂಬುದೇ ಇದರ ದೊಡ್ಡ ಅನುಕೂಲ. ಹಾಗೆ ತೆಗೆದು ಹಾಕುವ ವ್ಯವಸ್ಥೆಯೇ ಇದರ ದೌರ್ಬಲ್ಯ ಕೂಡ.

ನಮ್ಮ ಭಾಗದಲ್ಲಿ 10 ಮಿ.ಮೀ. ಎಂಬ ಗೆರೆಗೆ ಬಹಳ ಬೆಲೆ. ಅದಕ್ಕಿಂತ ದಪ್ಪನಾದದ್ದು ಲಂಪ್ಸ್, ಸಣ್ಣದ್ದು ಫೈನ್ಸ್. ಭಾರತೀಯ ಗಣಿ ಬ್ಯೂರೋ ಪ್ರಕಟಿಸುವ ಸರಾಸರಿ ಮಾರಾಟ ಬೆಲೆ ಇವೆರಡಕ್ಕೂ ಬೇರೆ ಬೇರೆ; ಆ ಬೆಲೆಯ ಮೇಲೆ ಕಬ್ಬಿಣದ ಅದಿರಿಗೆ ಶೇ 15ರಷ್ಟು ರಾಯಲ್ಟಿ. ಡೆಕ್ಕಿನ ಒಂದು ಪ್ಯಾನೆಲ್ ಹಾರಿಹೋದರೆ ಆ ಒಂದಡಿ ಚೌಕದ ಕಂಡಿಯಿಂದ ಲಂಪ್ಸ್ ನೇರವಾಗಿ ಫೈನ್ಸ್ ರಾಶಿಗೆ ಬೀಳುತ್ತದೆ. ವಿಸ್ತೀರ್ಣದಲ್ಲಿ ಅದು ಡೆಕ್ಕಿನ ಶೇ 1ರಷ್ಟೂ ಇಲ್ಲ. ಆದರೆ ಅದಿರು ಹರಿಯುವ ದಾರಿಯಲ್ಲಿ ಗುಂಡಿ ಬಿದ್ದಂತೆ ಆಗುವುದರಿಂದ ಆ ಸಾಲಿನ ಮಾಲೆಲ್ಲ ಅಲ್ಲಿಗೇ ಇಳಿಯುತ್ತದೆ. ಒಮ್ಮೆ ಬೆರೆತ ರಾಶಿಯನ್ನು ಬೇರ್ಪಡಿಸಲು ಇರುವ ದಾರಿ ಒಂದೇ: ಲೋಡರ್ ಹಚ್ಚಿ ಮತ್ತೆ ಜರಡಿಗೆ ಹಾಕುವುದು. ಡೀಸೆಲ್ಲೂ ಹೋಯಿತು, ಸಮಯವೂ ಹೋಯಿತು.

ಹಾರಿದ ಪ್ಯಾನೆಲ್ ಅಲ್ಲೇ ಬಿದ್ದಿರುವುದಿಲ್ಲ ಎಂಬುದು ಇನ್ನೊಂದು ತಲೆನೋವು. ಅದಿರು ಜಾರಿ ಇಳಿಯುವ ಚ್ಯೂಟಿನ ಕತ್ತಿನಲ್ಲಿ ಅಡ್ಡ ನಿಂತು ಮಾಲು ಕಟ್ಟಿಸುತ್ತದೆ. ಇಲ್ಲವೇ ಅದರೊಳಗಿನ ಉಕ್ಕಿನ ಚೌಕಟ್ಟು ಹೊರಗೆ ಚಾಚಿಕೊಂಡು ಕನ್ವೇಯರ್ ಬೆಲ್ಟನ್ನು ಉದ್ದಕ್ಕೆ ಸೀಳುತ್ತದೆ. ಓವರ್‌ಸೈಜ್ (ಜರಡಿಯ ಮೇಲೆ ಉಳಿದ ದಪ್ಪ ಅದಿರು) ಜೊತೆ ಅದನ್ನು ಒಡೆಯುವ ಕೋನ್ ಕ್ರಷರಿಗೆ ಹೋದರೆ ಕಲ್ಲಿನಂತೆ ಒಡೆಯದೆ ಜಗಿದ ರಬ್ಬರಿನಂತೆ ಸಿಕ್ಕಿಕೊಳ್ಳುತ್ತದೆ. ಬೆಲ್ಟಿನ ಮೇಲಿನ ಮ್ಯಾಗ್ನೆಟ್ ಬರೀ ಪಿಯು ತುಂಡನ್ನು ಹಿಡಿಯುವುದಿಲ್ಲ.

ಇಷ್ಟಾದ ಮೇಲೆ ಪ್ಲಾಂಟಿನಲ್ಲಿ ಹೊರಡುವ ಮೊದಲ ಮಾತು ‘ಈ ಕಂಪನಿಯ ಪ್ಯಾನೆಲ್ ಸರಿಯಿಲ್ಲ’. ಸಪ್ಲೈಯರ್ ಬದಲಾಗುತ್ತಾನೆ. ಎರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೊಂದು ಹಾರುತ್ತದೆ. ನಾವು ಹೇಳಬೇಕೆಂದಿರುವುದು ಇಷ್ಟೇ: ಸವೆದು ತೂತಾಗಿ ಹೋಗುವ ಪ್ಯಾನೆಲ್ ಬೇರೆ, ಎದ್ದು ಹಾರಿಹೋಗುವ ಪ್ಯಾನೆಲ್ ಬೇರೆ. ಎರಡನೆಯದರಲ್ಲಿ ದೋಷ ಬಹುಪಾಲು ಪ್ಯಾನೆಲಿನದ್ದಲ್ಲ. ಅದು ಕೂತಿರುವ ಉಕ್ಕಿನ ಪಟ್ಟಿಯದು, ಅದನ್ನು ಹಿಡಿದಿರುವ ಪಿನ್ನಿನದು, ಕೂರಿಸಿದ ಕೈಯದು.

ಮೊದಲು ಆ ಹಿಡಿತದ ಮೇಲೆ ಬೀಳುವ ಬಲ ಎಷ್ಟೆಂದು ನೋಡಿ. ಸ್ಟ್ರೋಕ್ (ಒಂದು ಅಲುಗಾಟದ ಪೂರ್ತಿ ದೂರ) 10 ಮಿ.ಮೀ., ನಿಮಿಷಕ್ಕೆ 900 ಸುತ್ತು ಇರುವ ಸ್ಕ್ರೀನ್ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಗುರುತ್ವದ ನಾಲ್ಕೂವರೆ ಪಟ್ಟು ವೇಗೋತ್ಕರ್ಷ ಬರುತ್ತದೆ. ಸೆಕೆಂಡಿಗೆ 15 ಸಲ, ಗಂಟೆಗೆ 54,000 ಸಲ, 20 ಗಂಟೆ ಓಡಿದರೆ ದಿನಕ್ಕೆ 10,80,000 ಸಲ ಆ ಪ್ಯಾನೆಲ್ಲನ್ನು ಫ್ರೇಮಿನಿಂದ ಕಿತ್ತೆಸೆಯುವ ಪ್ರಯತ್ನ ನಡೆಯುತ್ತದೆ. ಪ್ಯಾನೆಲ್ ಬಿಗಿಯಾಗಿ ಕೂತಿದ್ದರೆ ಅದು ಫ್ರೇಮಿನದೇ ಅಂಗವಾಗಿ ಅಲುಗುತ್ತದೆ, ಏನೂ ಆಗುವುದಿಲ್ಲ. ಕೆಳಗೆ ಅರ್ಧ ಮಿ.ಮೀ. ಸಂದು ಇದ್ದರೆ ಅದೇ ಪ್ಯಾನೆಲ್ ಸುತ್ತಿಗೆಯಾಗುತ್ತದೆ. ದಿನಕ್ಕೆ ಹತ್ತು ಲಕ್ಷ ಏಟು. ಪಿನ್ ಎಷ್ಟು ಗಟ್ಟಿಯಿದ್ದರೇನು, ಉಳಿಯುವುದು ಹೇಗೆ?

ಪ್ಯಾನೆಲ್ ಹಿಡಿಸುವ ವಿಧಾನಗಳು ಹಲವು. ನಟ್ಟು ಬೋಲ್ಟು ಹಾಕಿ ಬಿಗಿಯುವುದು ಹಳೆಯದು; ಹಿಡಿತ ಗಟ್ಟಿ, ಬದಲಿಸಲು ಮಾತ್ರ ಅರ್ಧ ದಿನ. ಎರಡು ಪಕ್ಕಗಳಿಂದ ಕೊಕ್ಕೆ ಹಾಕಿ ಎಳೆದು ಬಿಗಿಯುವ ಬಲೆಗಳೂ ಇವೆ. ಹೀಗೆ ಬಿಡಿ ತುಂಡುಗಳಾಗಿ ಕೂರಿಸುವ ಮಾಡ್ಯುಲರ್ ಪ್ಯಾನೆಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎರಡು: ಪಿನ್ ಮತ್ತು ಸ್ಲೀವ್ ಒಂದು, ರೈಲಿಗೆ ಒತ್ತಿ ಕೂರಿಸುವ ಸ್ನ್ಯಾಪ್ ಇನ್ನೊಂದು. ಎಡವುವುದೂ ಇವೆರಡರಲ್ಲೇ.

ಪಿನ್ ಸ್ಲೀವಿನ ಕೆಲಸ ಹೀಗೆ. ಪ್ಯಾನೆಲಿನ ಅಂಚಿನಲ್ಲಿ ಅರ್ಧಚಂದ್ರದ ಕಚ್ಚುಗಳಿರುತ್ತವೆ. ಎರಡು ಪ್ಯಾನೆಲ್ ಪಕ್ಕಪಕ್ಕ ಕೂತಾಗ ಎರಡು ಅರ್ಧ ಸೇರಿ ಒಂದು ಪೂರ್ತಿ ರಂಧ್ರ ಆಗುತ್ತದೆ. ಅದರ ಕೆಳಗೆ ಫ್ರೇಮಿನ ಪಟ್ಟಿಯಲ್ಲೂ ಒಂದು ರಂಧ್ರ. ಮೇಲಿನಿಂದ ಟೊಳ್ಳಾದ ಸ್ಲೀವನ್ನು ಇಳಿಸಿ, ಅದರೊಳಗೆ ಪಿನ್ ಬಡಿದರೆ ಸ್ಲೀವಿನ ಬಾಲ ಪಟ್ಟಿಯ ಕೆಳಗೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಹಿಡಿತ ಇರುವುದು ಆ ಉಬ್ಬಿನಲ್ಲಿ. ಮೇಲೆ ಪಿನ್ನಿನ ತಲೆ ಎಷ್ಟು ಚೆಂದ ಕೂತಿದೆ ಎಂಬುದು ಲೆಕ್ಕಕ್ಕಿಲ್ಲ.

ಈ ಒಂದು ಮಾತು ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಮಳೆಗಾಲದಲ್ಲಿ ನಮ್ಮ ಜಿಗಟು ಅದಿರು ಪಟ್ಟಿಯ ಕೆಳಗಡೆ, ಅಡ್ಡ ತೊಲೆಗಳ ಮೂಲೆಯಲ್ಲಿ ಇಟ್ಟಿಗೆಯಂತೆ ಅಂಟಿಕೊಂಡಿರುತ್ತದೆ. ಅದನ್ನು ಕೆರೆಯದೆ ಪಿನ್ ಬಡಿದರೆ ಬಾಲಕ್ಕೆ ಇಳಿಯಲು ಜಾಗವಿಲ್ಲ, ಉಬ್ಬಲೂ ಜಾಗವಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಸರಿ. ಎರಡನೇ ಶಿಫ್ಟಿಗೆ ಪಿನ್ ಅರ್ಧ ಇಂಚು ಮೇಲೆದ್ದಿರುತ್ತದೆ. ಆದ್ದರಿಂದ ಕೂರಿಸಿದ ಮೇಲೆ ಒಬ್ಬ ಡೆಕ್ಕಿನ ಕೆಳಗೆ ಹೋಗಿ, ಟಾರ್ಚ್ ಹಿಡಿದು, ಸಾಲು ಸಾಲಾಗಿ ಬಾಲ ಎಣಿಸಬೇಕು. ಈ ಕೆಲಸ ಇಲ್ಲದ ಪ್ಯಾನೆಲ್ ಬದಲಾವಣೆ ಮುಗಿದ ಕೆಲಸವಲ್ಲ.

ರಂಧ್ರದ ವಿಚಾರ ಇನ್ನೂ ಮುಖ್ಯ. ಸಡಿಲ ಪಿನ್ ಕೆಲವು ವಾರ ಕುಣಿದರೆ ದುಂಡಗಿದ್ದ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದರಲ್ಲಿ ಹೊಸ ಪಿನ್, ಹೊಸ ಸ್ಲೀವ್, ಹೊಸ ಪ್ಯಾನೆಲ್ ಏನು ಹಾಕಿದರೂ ನಿಲ್ಲುವುದಿಲ್ಲ. ಕಣ್ಣಿಗೆ ಇದು ಬೇಗ ಗೊತ್ತಾಗದು. ಲೇತಿನಲ್ಲಿ ಎರಡು ತುಂಡು ಸರಳು ತಿರುವಿಸಿ ಇಟ್ಟುಕೊಳ್ಳಿ. ಡ್ರಾಯಿಂಗಿನಲ್ಲಿ ರಂಧ್ರ 25 ಮಿ.ಮೀ. ಇದ್ದರೆ, 25ಕ್ಕಿಂತ ಕೂದಲೆಳೆಯಷ್ಟು ಕಡಿಮೆಯದೊಂದು, ಎರಡು ಪಕ್ಕ ಚಪ್ಪಟೆಯಾಗಿ ಉಜ್ಜಿದ 26ರದ್ದೊಂದು. ಮೊದಲನೆಯದು ಇಳಿಯಬೇಕು, ಎರಡನೆಯದು ಯಾವ ದಿಕ್ಕಿಗೆ ತಿರುಗಿಸಿದರೂ ಇಳಿಯಬಾರದು; ಪೂರ್ತಿ ದುಂಡಗಿನ 26 ಮೊಟ್ಟೆಯಾಕಾರದ ರಂಧ್ರವನ್ನು ತೋರಿಸಿಕೊಡದು. 26 ಇಳಿದ ರಂಧ್ರಕ್ಕೆ ಹಳದಿ ಬಣ್ಣ ಬಳಿಯಿರಿ. ಈ ಎರಡು ಸರಳಿನ ತುಂಡುಗಳ ಖರ್ಚು ಒಂದು ಪ್ಯಾನೆಲಿನ ಬೆಲೆಯ ಹತ್ತಿರವೂ ಬರುವುದಿಲ್ಲ. ಆದರೂ ಸ್ಟೋರಿನ ಸಾಮಾನಿನ ಲಿಸ್ಟಿನಲ್ಲಿ ಇದು ಸಿಗುವುದು ಅಪರೂಪ.

ಹಳದಿ ಬಣ್ಣದ ರಂಧ್ರಗಳನ್ನು ಏನು ಮಾಡುವುದು? ಇಲ್ಲಿ ಅವಸರದ ಫಿಟರ್ ಮಾಡುವ ಕೆಲಸಗಳು ಹಲವು: ಸ್ಲೀವಿಗೆ ಟ್ಯೂಬಿನ ರಬ್ಬರ್ ಸುತ್ತುವುದು, ಪಕ್ಕಕ್ಕೆ ತಗಡಿನ ಚೂರು ತುರುಕುವುದು, ಮೇಲೆ ಅಡ್ಡ ಪಟ್ಟಿ ಇಟ್ಟು ವೆಲ್ಡ್ ಹೊಡೆಯುವುದು. ಮೊದಲೆರಡು ನಾಲ್ಕು ದಿನದ ಸುಖ. ಮೂರನೆಯದು ಅಪಾಯ, ಅದನ್ನು ಮುಂದೆ ಹೇಳುತ್ತೇವೆ. ಸರಿಯಾದ ದಾರಿಗಳು ಎರಡು. ದೊಡ್ಡದಾದ ರಂಧ್ರಕ್ಕೆಂದೇ ದಪ್ಪ ಸ್ಲೀವ್ ಸಿಗುವುದಾದರೆ ಅದನ್ನು ಹಾಕಿ, ಆ ಜಾಗವನ್ನು ನಕ್ಷೆಯಲ್ಲಿ ಗುರುತಿಸುವುದು. ಸಾಲಿಗೆ ನಾಲ್ಕೈದು ರಂಧ್ರ ಕೆಟ್ಟಿದ್ದರೆ ಆ ಪಟ್ಟಿಯನ್ನೇ ಬದಲಿಸುವುದು. ಹೊಸ ಸ್ಕ್ರೀನ್ ಕೊಳ್ಳುವವರು ಪಟ್ಟಿ ಫ್ರೇಮಿಗೆ ವೆಲ್ಡ್ ಆಗಿದೆಯೋ, ಬೋಲ್ಟ್ ಹಾಕಿದ್ದೋ ಎಂದು ಮೊದಲೇ ಕೇಳಿ. ಬೋಲ್ಟ್ ಇರುವುದಕ್ಕೆ ದುಡ್ಡು ಹೆಚ್ಚಾದರೂ ತೆಗೆದುಕೊಳ್ಳಿ.

ಬಳಸಿದ ಪಿನ್ ಮತ್ತೆ ಬಳಸಬಾರದು. ಕಿತ್ತಾಗ ಅದರ ಮೈಮೇಲಿನ ಏಣುಗಳು ಉಜ್ಜಿಹೋಗಿರುತ್ತವೆ, ಸ್ಲೀವ್ ಹಿಗ್ಗಿರುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ವಸ್ತು ಇದೇ. ಬಕೆಟ್ಟಿನಲ್ಲಿ ತುಂಬಿಟ್ಟುಕೊಂಡು ಮತ್ತೆ ಮತ್ತೆ ಬಡಿಯುವುದೂ ಇದನ್ನೇ. ಅಡಿಕೆಗೆ ಹೋದ ಮಾನ ಎನ್ನುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಸ್ನ್ಯಾಪ್ ಪದ್ಧತಿಯಲ್ಲಿ ಪಿನ್ನಿನ ಗೋಜಿಲ್ಲ. ಪ್ಯಾನೆಲಿನ ಅಡಿಯಲ್ಲಿ ತುಟಿಯಂಥ ಅಂಚು, ಫ್ರೇಮಿನ ಮೇಲೆ ಅದನ್ನು ಕಚ್ಚುವ ರೈಲು. ಒತ್ತಿ ಬಡಿದರೆ ‘ಟಪ್’ ಎಂದು ಕೂರುತ್ತದೆ. ಬೇಗ ಆಗುವ ಕೆಲಸ, ಬೇಗ ಕೆಡುವ ಕೆಲಸವೂ ಹೌದು. ರೈಲಿನ ಕಚ್ಚಿನಲ್ಲಿ ಫೈನ್ಸ್ ಗಟ್ಟಿಯಾಗಿ ತುಂಬಿರುತ್ತದೆ; ಬ್ರಷ್ಷಿಗೆ ಬರುವುದಿಲ್ಲ, ಚೂಪು ಕೊಕ್ಕೆ ಹಾಕಿ ಕೆರೆದು, ನೀರು ಅಥವಾ ಗಾಳಿ ಹೊಡೆಯಬೇಕು. ಕೊಳೆಯ ಮೇಲೆ ಕೂತ ತುಟಿ ಮುಕ್ಕಾಲು ಮಾತ್ರ ಕಚ್ಚಿಕೊಂಡಿರುತ್ತದೆ. ಇನ್ನೊಂದು ತೊಂದರೆ ರೈಲಿನ ಬೋಲ್ಟುಗಳದ್ದು. ಫ್ರೇಮಿಗೆ ದಪ್ಪಗೆ ಬಣ್ಣ ಬಳಿದು ಅದರ ಮೇಲೆಯೇ ರೈಲು ಕೂರಿಸಿ ಬಿಗಿದರೆ, ಅಲುಗಾಟಕ್ಕೆ ಆ ಬಣ್ಣದ ಪದರ ಹಿಂಡಿಹೋಗಿ ಬೋಲ್ಟಿನ ಬಿಗಿ ಇಳಿಯುತ್ತದೆ. ನಟ್ಟು ಒಂದು ಸುತ್ತೂ ತಿರುಗಿರುವುದಿಲ್ಲ, ಆದರೆ ಹಿಡಿತವಿಲ್ಲ. ಕೂರುವ ಮುಖದ ಬಣ್ಣ ಕೆರೆದು ಬಿಗಿಯಿರಿ, ಮೊದಲ ಶಿಫ್ಟ್ ಆದ ಮೇಲೆ ಟಾರ್ಕ್ ರೆಂಚ್ ಹಿಡಿದು ಮತ್ತೊಮ್ಮೆ ನೋಡಿ.

ಕೂರಿಸುವಾಗ ಜಾರಲೆಂದು ಗ್ರೀಸು, ಡೀಸೆಲ್, ಸುಟ್ಟ ಎಂಜಿನ್ ಆಯಿಲ್ ಹಚ್ಚುವ ಅಭ್ಯಾಸ ನಿಲ್ಲಬೇಕು. ರಬ್ಬರ್ ಪ್ಯಾನೆಲ್ ಎಣ್ಣೆ ಕುಡಿದು ಊದಿಕೊಳ್ಳುತ್ತದೆ. ಪಿಯುಗೆ ಅಷ್ಟು ಕೆಡುಕಾಗದಿದ್ದರೂ ಜಾರಿ ಒಳಹೋದ ಪಿನ್ ಅದೇ ಜಾರಿನಲ್ಲಿ ಹೊರಬರುತ್ತದೆ. ಸಾಬೂನಿನ ನೀರು ಸಾಕು. ಅದು ಒಣಗುತ್ತದೆ, ಎಣ್ಣೆ ಒಣಗದು. ಚಳಿಗಾಲದ ಬೆಳಗಿನ ಜಾವ ಪ್ಯಾನೆಲ್ ಬಿರುಸಾಗಿದ್ದರೆ ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕಾಲು ಗಂಟೆ ನೆನೆಸಿ. ದೊಡ್ಡ ಸುತ್ತಿಗೆಯಿಂದ ನೇರ ಪ್ಯಾನೆಲ್ ಮೇಲೆ ಹೊಡೆಯಬೇಡಿ. ಒಳಗಿನ ಉಕ್ಕಿಗೂ ಪಿಯುಗೂ ಇರುವ ಅಂಟು ಬಿಡುತ್ತದೆ, ಆ ಸಂದಿಗೆ ನೀರು ಹೋಗಿ ತುಕ್ಕು ಹಿಡಿದು ಪ್ಯಾನೆಲ್ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ.

ಬಳ್ಳಾರಿಯ ಬಿಸಿಲಿಗೂ ಇದರಲ್ಲಿ ಪಾತ್ರವಿದೆ. ಸ್ಟೋರಿನ ಹೊರಗೆ ತಗಡಿನ ಪಕ್ಕ ಜೋಡಿಸಿಟ್ಟ ಪ್ಯಾನೆಲ್ ಮಧ್ಯಾಹ್ನಕ್ಕೆ ಮುಟ್ಟಲಾಗದಷ್ಟು ಕಾದಿರುತ್ತದೆ. ಒಳಗೆ ಉಕ್ಕಿನ ಚೌಕಟ್ಟು ಇಲ್ಲದ 305 ಮಿ.ಮೀ. ತುಂಡು, ತಂಪಿದ್ದಾಗಿನದಕ್ಕಿಂತ 30 ಡಿಗ್ರಿ ಹೆಚ್ಚು ಕಾದರೆ ಒಂದು ಮಿ.ಮೀ.ಗೂ ಮಿಕ್ಕಿ ಹಿಗ್ಗುತ್ತದೆ. ಆ ಸ್ಥಿತಿಯಲ್ಲಿ ಒತ್ತೊತ್ತಾಗಿ ಕೂರಿಸಿದ್ದು ರಾತ್ರಿ ನೀರು ಬಿಟ್ಟು ಓಡಿಸುವಾಗ ಕುಗ್ಗಿ ಸಂದು ಬಿಡುತ್ತದೆ. ನೆರಳಿನಲ್ಲಿ, ಚಪ್ಪಟೆಯಾಗಿ ಮಲಗಿಸಿ ಇಡಿ, ಅಂಚಿನ ಮೇಲೆ ನಿಲ್ಲಿಸಬೇಡಿ. ನೀರು ಹಾಕಿ ತೊಳೆಯುವ ಸ್ಕ್ರೀನ್‌ಗೆ ಪ್ಯಾನೆಲ್ ತರಿಸುವಾಗ ಪಾಲಿಎಸ್ಟರ್ ಆಧಾರದ ಪಿಯುವೋ ಪಾಲಿಈಥರ್ ಆಧಾರದ್ದೋ ಎಂದು ಕೇಳಿ. ಸದಾ ಒದ್ದೆಯಲ್ಲಿರುವ ಕೆಲಸಕ್ಕೆ ಎರಡನೆಯದು ಬಾಳುತ್ತದೆ, ಮೊದಲನೆಯದು ನೀರಿಗೆ ನಿಧಾನವಾಗಿ ಶಕ್ತಿಗುಂದಿ ಬಿರುಕು ಬಿಡುತ್ತದೆ.

ಅಳತೆಯ ತಮಾಷೆ ಇನ್ನೊಂದಿದೆ. ಎರಡು ಕಂಪನಿಯ ಪ್ಯಾನೆಲ್‌ಗಳಿಗೂ ಕಾಗದದ ಮೇಲೆ 305 ಎಂದೇ ಇರುತ್ತದೆ. ಒಂದರದು ಅರ್ಧ ಮಿ.ಮೀ. ಹೆಚ್ಚಿದ್ದರೆ, ಹನಿಗೂಡಿ ಹಳ್ಳ, 20 ತುಂಡಿನ ಸಾಲಿಗೆ 10 ಮಿ.ಮೀ. ಹೆಚ್ಚಾಯಿತು. ಕೊನೆಯ ಪ್ಯಾನೆಲ್ ಕೂರುವುದಿಲ್ಲ. ಗ್ರೈಂಡರ್ ತಂದು ಅಂಚು ಉಜ್ಜಿ ತುರುಕುತ್ತಾರೆ, ಅಂಚಿನ ಜೊತೆ ಪಿನ್ನಿನ ಕಚ್ಚೂ ಹೋಯಿತು. ಅರ್ಧ ಮಿ.ಮೀ. ಕಡಿಮೆ ಇದ್ದರೆ ಅಷ್ಟೇ ಸಂದು ಸಾಲಿನುದ್ದಕ್ಕೂ ಹಂಚಿಹೋಗುತ್ತದೆ, ಅಲ್ಲೆಲ್ಲ ಒಳನುಗ್ಗುವ ಫೈನ್ಸ್ ಮರಳು ಹೊಡೆದಂತೆ ಕೆಳಗಿನ ಪಟ್ಟಿಯನ್ನು ಕೊರೆಯುತ್ತದೆ. ಪಟ್ಟಿ ಕೆಡುವ ಕತೆ ಬಹುತೇಕ ಹೀಗೇ ಶುರುವಾಗುವುದು. ಒಂದು ಸಾಲಿನಲ್ಲಿ ಒಂದೇ ತಯಾರಕರ, ಸಾಧ್ಯವಾದರೆ ಒಂದೇ ಬ್ಯಾಚಿನ ಪ್ಯಾನೆಲ್ ಇರಲಿ. ಲಾರಿ ಇಳಿಸುವಾಗಲೇ ಹತ್ತು ತುಂಡನ್ನು ನೆಲದ ಮೇಲೆ ಒತ್ತಿ ಜೋಡಿಸಿ ಟೇಪ್ ಹಿಡಿಯಿರಿ. 3,050 ಮಿ.ಮೀ. ಬರಬೇಕು. ಒಂದೊಂದನ್ನೇ ಅಳೆದರೆ ಕಾಣದ ತಪ್ಪು ಹತ್ತರಲ್ಲಿ ಎದ್ದು ಕಾಣುತ್ತದೆ.

ಪಟ್ಟಿಗಳ ಮಟ್ಟವನ್ನೂ ನೋಡಬೇಕು. ಎರಡು ಮೀಟರಿನ ನೇರ ಕೋಲು ಅಡ್ಡಲಾಗಿಟ್ಟು ಕೆಳಗೆ ಸಂದು ಅಳೆಯುವ ಫೀಲರ್ ಗೇಜ್ ಹಾಕಿ. ಒಂದು ಪಟ್ಟಿ ಪಕ್ಕದ್ದಕ್ಕಿಂತ 1 ಮಿ.ಮೀ. ತಗ್ಗಿದ್ದರೂ ಪ್ಯಾನೆಲ್ ಮೂರು ಕಾಲಿನ ಮೇಲೆ ನಿಂತ ಕುರ್ಚಿಯಂತೆ ಕುಣಿಯುತ್ತದೆ. ಸ್ಕ್ರೀನಿನ ಪಕ್ಕದ ಗೋಡೆಗೆ ಹಾಕಿರುವ ಸೈಡ್ ಲೈನರುಗಳು ಸವೆದರೆ ಅಂಚಿನ ಸಾಲಿನ ಪ್ಯಾನೆಲ್ಲನ್ನು ಒತ್ತಿ ಹಿಡಿಯುವವರಿಲ್ಲ. ಅಂಚಿನಿಂದ ಶುರುವಾದದ್ದು ನಡುವಿಗೆ ಬರುತ್ತದೆ.

ಕೂರಿಸಿದ ಮೇಲೆ ಕೆಲಸ ಮುಗಿಯಿತೆಂದು ಫೀಡ್ (ಅದಿರು) ಬಿಡಬೇಡಿ. ಖಾಲಿ ಸ್ಕ್ರೀನ್ ಹದಿನೈದು ನಿಮಿಷ ಓಡಿಸಿ, ನಿಲ್ಲಿಸಿ, ಲಾಕ್ ಹಾಕಿ, ಪ್ರತಿ ಪಿನ್ನಿಗೂ ಇನ್ನೊಂದು ಏಟು ಕೊಡಿ; ಕೆಲವು ಇನ್ನೂ ಕೆಳಗಿಳಿಯುತ್ತವೆ. ನಂತರ ಸುತ್ತಿಗೆಯ ಹಿಡಿಯಿಂದ ಪ್ಯಾನೆಲ್ ಒಂದೊಂದನ್ನೇ ತಟ್ಟಿ. ಸರಿಯಾಗಿ ಕೂತದ್ದು ‘ಧಪ್’ ಎಂದು ಸತ್ತ ಸದ್ದು ಮಾಡುತ್ತದೆ. ಸಂದು ಇರುವುದು ‘ಟಕಟಕ’ ಎನ್ನುತ್ತದೆ, ಮಾಗದ ಕಲ್ಲಂಗಡಿ ತಟ್ಟಿದ ಹಾಗೆ. ಕಿವಿ ಒಂದು ವಾರದಲ್ಲಿ ಪಳಗುತ್ತದೆ. ಮೊದಲ ಲೋಡ್ ಶಿಫ್ಟ್ (ಅದಿರು ಹಾಕಿ ಓಡಿಸಿದ ಪಾಳಿ) ಮುಗಿದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಿ.

ಓಡುತ್ತಿರುವಾಗ ಪ್ಯಾನೆಲ್ ಹಾರಿದ್ದು ಗೊತ್ತಾಗುವುದು ಹೇಗೆ? ಮಾಲಿನ ಅಡಿಯಲ್ಲಿ ಕಂಡಿ ಕಾಣುವುದಿಲ್ಲ. ಫೈನ್ಸ್ ಬೆಲ್ಟಿನಿಂದ ಎರಡು ಗಂಟೆಗೊಮ್ಮೆ ಹತ್ತಿಪ್ಪತ್ತು ಕೆ.ಜಿ. ತೆಗೆದು 10 ಮಿ.ಮೀ. ಕೈ ಜರಡಿಯಲ್ಲಿ ಅಲ್ಲೇ ಅಲುಗಿಸಿ, ಮೇಲೆ ಉಳಿದದ್ದನ್ನು ತೂಗಿ ಬೋರ್ಡಿನಲ್ಲಿ ಬರೆಯಿರಿ. ಅಂಕಿ ತಿಂಗಳುಗಟ್ಟಲೆ ನಿಧಾನವಾಗಿ ಏರಿದರೆ ಅದು ಕಣ್ಣುಗಳ ಸವೆತ. ಎರಡು ಗಂಟೆಯಲ್ಲಿ ಜಿಗಿದರೆ ಪ್ಯಾನೆಲ್ ಹೋಗಿದೆ, ತಕ್ಷಣ ನಿಲ್ಲಿಸಿ. ಲ್ಯಾಬಿಗೆ ಕಳಿಸಿ ನಾಳೆಯ ರಿಪೋರ್ಟಿಗೆ ಕಾಯುವಷ್ಟರಲ್ಲಿ ಒಂದು ರಾಶಿ ಪೂರ್ತಿ ಕೆಟ್ಟಿರುತ್ತದೆ.

ಡೆಕ್ಕಿನ ನಕ್ಷೆ ಒಂದು ಗೋಡೆಯ ಮೇಲಿರಲಿ. ಅಡ್ಡಸಾಲಿಗೆ ಅಕ್ಷರ, ಉದ್ದಸಾಲಿಗೆ ಅಂಕಿ. ಯಾವ ಚೌಕ ಯಾವತ್ತು ಹಾರಿತು, ಯಾವತ್ತು ಸವೆಯಿತು ಎಂದು ಎರಡು ಬಣ್ಣದಲ್ಲಿ ಗುರುತು ಹಾಕಿ. ಮೂರು ತಿಂಗಳಲ್ಲಿ ನಕ್ಷೆಯೇ ಮಾತಾಡುತ್ತದೆ. ಒಂದೇ ಚೌಕ ಮತ್ತೆ ಮತ್ತೆ ಹಾರುತ್ತಿದ್ದರೆ ಅಲ್ಲಿನ ಪಟ್ಟಿ ಅಥವಾ ರಂಧ್ರ ಕೆಟ್ಟಿದೆ. ಒಂದೇ ಮೂಲೆಯ ಹಲವು ಚೌಕ ಹಾರುತ್ತಿದ್ದರೆ ಪ್ಯಾನೆಲ್ ಬಿಟ್ಟು ಸ್ಪ್ರಿಂಗ್ ನೋಡಿ. ಒಂದು ಮೂಲೆಯ ಸ್ಪ್ರಿಂಗ್ ಮುರಿದರೆ ಸ್ಕ್ರೀನ್ ನೇರ ಅಲುಗುವ ಬದಲು ತಿರುಚಿಕೊಂಡು ಅಲುಗುತ್ತದೆ. ನಾಲ್ಕೂ ಮೂಲೆಗೆ ಅಲುಗಾಟ ಅಳೆಯುವ ಸ್ಟ್ರೋಕ್ ಸ್ಟಿಕ್ಕರ್ ಅಂಟಿಸಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಫೀಡ್ ಬೀಳುವ ಮೊದಲೆರಡು ಸಾಲು ಹೋಗುತ್ತಿದ್ದರೆ ಅದಿರು ಎತ್ತರದಿಂದ ನೇರ ಪ್ಯಾನೆಲ್ ಮೇಲೆ ಬೀಳುತ್ತಿದೆ ಎಂದರ್ಥ. ಫೀಡ್ ಬಾಕ್ಸಿನಲ್ಲಿ ಅದಿರೇ ಸ್ವಲ್ಪ ನಿಂತು, ಬೀಳುವ ಅದಿರು ಅದರ ಮೇಲೆ ಬೀಳುವಂತೆ ಕಟ್ಟೆ ಕಟ್ಟಬೇಕು, ಆ ಸಾಲುಗಳಿಗೆ ಕಣ್ಣಿಲ್ಲದ ದಪ್ಪ ಪ್ಯಾನೆಲ್ ಹಾಕಬೇಕು. ಗೊತ್ತುಗುರಿಯಿಲ್ಲದೆ ಎಲ್ಲೆಂದರಲ್ಲಿ, ಒಂದೇ ವಾರದಲ್ಲಿ ಹಾರತೊಡಗಿದರೆ ಮಾತ್ರ ಆ ಬ್ಯಾಚಿನ ಪಿನ್ ಅಥವಾ ಪ್ಯಾನೆಲ್ ಮೇಲೆ ಅನುಮಾನ ಪಡಿ.

ಈಗ ಮುಂದೆ ಹೇಳುತ್ತೇವೆ ಎಂದಿದ್ದ ವೆಲ್ಡಿಂಗ್ ವಿಚಾರ. ಪಾಲಿಯುರೆಥೇನ್ ಹತ್ತಿ ಉರಿಯುವ ವಸ್ತು. ಹತ್ತಿದರೆ ಬೇಗ ಹರಡುತ್ತದೆ, ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಪ್ಯಾನೆಲ್ ಹಾಸಿರುವ ಡೆಕ್ಕಿನ ಮೇಲೆ ಗ್ಯಾಸ್ ಕಟರ್ ಹಿಡಿದರೆ ಕಿಡಿ ಕಣ್ಣಿನೊಳಗಿಂದ ಕೆಳಗಿನ ಡೆಕ್ಕಿಗೆ, ಅಲ್ಲಿಂದ ಚ್ಯೂಟಿನ ರಬ್ಬರ್ ಲೈನರಿಗೆ, ಅಲ್ಲಿಂದ ಬೆಲ್ಟಿಗೆ ಹೋಗುತ್ತದೆ. ಎರಡು ಡೆಕ್ಕಿನ ನಡುವೆ ಮಲಗಿ ಕೆಲಸ ಮಾಡುತ್ತಿರುವವನಿಗೆ ಹೊರಬರಲು ದಾರಿ ಒಂದೇ ಇರುತ್ತದೆ. ಆದ್ದರಿಂದ ಬಿಸಿ ಕೆಲಸಕ್ಕೆ ಮುಂಚೆ ಆ ಜಾಗದ ಸುತ್ತಲಿನ ಮತ್ತು ಕೆಳಗಿನ ಡೆಕ್ಕಿನ ಪ್ಯಾನೆಲ್‌ಗಳನ್ನು ತೆಗೆದುಬಿಡಿ, ತೆಗೆಯಲಾಗದ್ದಕ್ಕೆ ಒದ್ದೆ ಬೆಂಕಿ ಕಂಬಳಿ ಹೊದಿಸಿ, ನೀರಿನ ಪೈಪು ತುಂಬಿಸಿ ಕೈಯಲ್ಲಿ ಹಿಡಿದ ಒಬ್ಬ ಕಾವಲಿರಲಿ. ಕೆಲಸ ಮುಗಿದ ಮೇಲೂ ಕನಿಷ್ಠ ಒಂದು ಗಂಟೆ ಅವನು ಅಲ್ಲೇ ಇರಲಿ. ವೆಲ್ಡಿಂಗಿನ ಅರ್ತ್ ಕ್ಲಾಂಪ್ ವೆಲ್ಡ್ ಆಗುವ ಜಾಗದ ಪಕ್ಕದಲ್ಲೇ ಇರಬೇಕು. ದೂರದ ಕಂಬಕ್ಕೆ ಸಿಕ್ಕಿಸಿದರೆ ಕರೆಂಟು ಸ್ಕ್ರೀನನ್ನು ಅಲುಗಿಸುವ ಎಕ್ಸೈಟರಿನ ಬೇರಿಂಗ್ ದಾಟಿ ಹೋಗಿ ಬೇರಿಂಗಿನಲ್ಲಿ ಗುಳಿ ಬೀಳಿಸುತ್ತದೆ. ಸ್ಕ್ರೀನಿನ ಪಕ್ಕದ ತಟ್ಟೆ, ಅಡ್ಡ ತೊಲೆಗಳಿಗಂತೂ ತಯಾರಕರ ಒಪ್ಪಿಗೆಯಿಲ್ಲದೆ ವೆಲ್ಡ್ ಹಾಕಲೇಬಾರದು. ಅಲುಗುವ ಉಕ್ಕಿನಲ್ಲಿ ಬಿರುಕು ಹುಟ್ಟುವುದು ಅಂಥ ತೇಪೆಯ ಅಂಚಿನಲ್ಲೇ.

ಲಾಕ್‌ಔಟ್ ಬಗ್ಗೆ ಎಲ್ಲ ಪ್ಲಾಂಟಿನಲ್ಲೂ ಬೋರ್ಡಿದೆ. ಸ್ಕ್ರೀನಿನ ಮೋಟರಿಗೆ ಬೀಗ ಬೀಳುತ್ತದೆ, ಮೇಲಿನ ಫೀಡರಿಗೂ ಕೆಳಗಿನ ಬೆಲ್ಟಿಗೂ ಬೀಳುವುದಿಲ್ಲ. ಮೂರಕ್ಕೂ ಬೀಳಬೇಕು, ಒಳಗೆ ಹೋಗುವ ಪ್ರತಿಯೊಬ್ಬನ ಸ್ವಂತ ಬೀಗ ಇರಬೇಕು. ಮೇಲಿನ ಚ್ಯೂಟಿನಲ್ಲಿ ನಿಂತಿರುವ ಅದಿರು ಜಾರಿ ಬಿದ್ದರೆ ಕರೆಂಟಿಲ್ಲದಿದ್ದರೂ ಸ್ಪ್ರಿಂಗಿನ ಮೇಲೆ ಸ್ಕ್ರೀನ್ ಓಲಾಡುತ್ತದೆ, ಆದ್ದರಿಂದ ಅದನ್ನು ಮೊದಲು ಖಾಲಿ ಮಾಡಿ. ಪ್ಯಾನೆಲ್ ಒಂದೊಂದೇ ಸಾಲು ತೆಗೆದು, ಅದಕ್ಕೆ ಹೊಸದು ಹಾಕಿ, ಮುಂದಕ್ಕೆ ಹೋಗಿ. ಬೇಗ ಆಗಲೆಂದು ಇಡೀ ಡೆಕ್ ಬಿಚ್ಚಿ, ಬರಿಯ ಪಟ್ಟಿಗಳ ಮೇಲೆ ಬೂಟುಗಾಲಿನಲ್ಲಿ ನಡೆಯುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಪಿನ್ ಕೀಳುವಾಗ ಅದು ಬುಲೆಟ್ಟಿನಂತೆ ಚಿಮ್ಮುತ್ತದೆ, ಕನ್ನಡಕ ಹಾಕಿಕೊಳ್ಳಿ.

ಇಷ್ಟೆಲ್ಲ ಗೊತ್ತಿರುವ ವಿಷಯವೇ ಆಗಿದ್ದೂ ಏಕೆ ನಡೆಯುವುದಿಲ್ಲ ಎಂದರೆ ಉತ್ತರ ಟೆಂಡರ್ ಕಾಗದದಲ್ಲಿದೆ. ಪ್ಯಾನೆಲ್ ಖರೀದಿ ಚದರ ಮೀಟರಿಗೆ ಇಷ್ಟೆಂದು, ಕಡಿಮೆ ಬೆಲೆಯವರಿಗೆ. ಬದಲಿಸುವ ಕೂಲಿ ತುಂಡಿಗೆ ಇಷ್ಟೆಂದು. ಪಟ್ಟಿ ಕೆರೆಯಲು, ರಂಧ್ರ ಅಳೆಯಲು, ಕೆಳಗೆ ಹೋಗಿ ಬಾಲ ಎಣಿಸಲು ಯಾವ ಸಾಲಿನಲ್ಲೂ ದುಡ್ಡಿಲ್ಲ. ತುಂಡಿಗೆ ಕೂಲಿ ಎಂದ ಮೇಲೆ ಕಾಂಟ್ರಾಕ್ಟ್ ಹುಡುಗರು ತುಂಡು ಎಣಿಸುತ್ತಾರೆ, ಅವರನ್ನು ಬೈದು ಫಲವಿಲ್ಲ. ಸಿದ್ಧಪಡಿಸಿದ ಪಟ್ಟಿಯ ಮೀಟರಿಗೂ ಒಂದು ದರ ಬರೆಯಿರಿ. ಹೊಸ ಪಿನ್, ಹೊಸ ಸ್ಲೀವ್ ಪ್ಯಾನೆಲಿನ ಜೊತೆಗೇ, ಶೇ 10 ಹೆಚ್ಚುವರಿಯೊಂದಿಗೆ ಬರಬೇಕೆಂದು ಷರತ್ತು ಹಾಕಿ. ಮೊದಲ ಲೋಡ್ ಶಿಫ್ಟ್ ನಂತರದ ಮರುಪರೀಕ್ಷೆ ಆಗದೆ ಬಿಲ್ ಪಾಸಾಗಬಾರದು.

ಜಿಲ್ಲಾಡಳಿತಕ್ಕೂ ಒಂದು ಕೋರಿಕೆಯಿದೆ. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಕೌಶಲ್ಯಾಭಿವೃದ್ಧಿಗೆ ಬಳಸಲು ನಿಯಮದಲ್ಲೇ ಅವಕಾಶವಿದೆ. ಗಣಿ ತಾಲ್ಲೂಕುಗಳ ಐಟಿಐಗಳಲ್ಲಿ ಫಿಟರ್ ಕಲಿಯುವ ಮಕ್ಕಳು ಫೈಲಿಂಗ್, ಡ್ರಿಲ್ಲಿಂಗ್ ಚೆನ್ನಾಗಿ ಕಲಿಯುತ್ತಾರೆ, ಆದರೆ ಮೊದಲ ಪ್ಯಾನೆಲ್ ಕೂರಿಸುವುದು ಬ್ರೇಕ್‌ಡೌನಿನ ಮಧ್ಯರಾತ್ರಿಯಲ್ಲಿ. ಗುಜರಿಗೆ ಹೋಗುವ ಹಳೆಯ ಸ್ಕ್ರೀನಿನ ಒಂದು ತುಂಡು ಫ್ರೇಮ್, ನಾಲ್ಕು ಪ್ಯಾನೆಲ್ ಅಗಲ, ಆರು ಪ್ಯಾನೆಲ್ ಉದ್ದದ್ದು, ಅರ್ಧಕ್ಕೆ ಪಿನ್ ಸ್ಲೀವ್, ಇನ್ನರ್ಧಕ್ಕೆ ಸ್ನ್ಯಾಪ್ ರೈಲು ಇರುವಂತೆ ವರ್ಕ್‌ಶಾಪಿನಲ್ಲಿ ಸೊಂಟದೆತ್ತರಕ್ಕೆ ನಿಲ್ಲಿಸಿದರೆ ಸಾಕು. ಅದರ ಕೆಲವು ರಂಧ್ರಗಳನ್ನು ಬೇಕೆಂದೇ 27 ಮಿ.ಮೀ.ಗೆ ಕೊರೆದಿಡಿ, ಒಂದು ಪಟ್ಟಿಯನ್ನು 2 ಮಿ.ಮೀ. ತಗ್ಗಿಸಿಡಿ. ಯಾವ ರಂಧ್ರ, ಯಾವ ಪಟ್ಟಿ ಎಂದು ಹುಡುಗರೇ ಗೇಜು ಹಿಡಿದು ಹುಡುಕಲಿ.

ಇತಿ,
ಅದಿರು ಜರಡಿ ನಿರ್ವಹಣೆಯ ಫಿಟರ್‌ಗಳು ಮತ್ತು ಸೂಪರ್‌ವೈಸರ್‌ಗಳು,
ಸಂಡೂರು ತಾಲ್ಲೂಕು